ಜೊತೆಗೊಬ್ಬ ಹಿರಿಯ: ವಿಕಲಚೇತನ ತರುಣರ ವಿದ್ಯೆ ಮತ್ತು ಕಾಯಕ

ವಿದ್ಯೆಯು ಮನುಷ್ಯನ ಮೂರನೆಯ ಕಣ್ಣೆಂದು ಹಿರಿಯರು ಹೇಳುವುದುಂಟು. ಎರಡು ಕಣ್ಣುಗಳಲ್ಲಿಯೂ ಬೆಳಕಿಲ್ಲದವನಿಗೆ ಈ ಮೂರನೆಯ ಕಣ್ಣು ಎಷ್ಟು ಅಗತ್ಯವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಕಾಲಿಲ್ಲದವನಿಗೆ ವಿದ್ಯೆಯೇ ಕಾಲು, ಕಿವಿ ಕೇಳದವಳಿಗೆ ವಿದ್ಯೆಯೇ ಕಿವಿ. ಆದರೆ ವಿದ್ಯೆಯು ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಹೆಚ್ಚು ದೂರವಾಗಿರುವುದು ಲೋಕದ ವಿಪರ್ಯಾಸಗಳಲ್ಲೊಂದು. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು, ಈ ದೂರವು ಎಲ್ಲಿಂದ ಹುಟ್ಟುತ್ತದೆ, ಅದನ್ನು ದಾಟಿಸಬಲ್ಲವರು ಯಾರು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಕಾನೂನು ಕೊಟ್ಟಿರುವುದೇನು?

ಮೊದಲು ಕಾನೂನಿನ ಮಾತು. ೧೯೯೫ರಲ್ಲಿ ಭಾರತದ ಸಂಸತ್ತು ಅಂಗವಿಕಲರ ಅಧಿನಿಯಮವನ್ನು ಅಂಗೀಕರಿಸಿತು. ಅದರಲ್ಲಿ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಲಾಗಿದ್ದು, ಸರ್ಕಾರಿ ನೌಕರಿಯಲ್ಲಿ ಶೇಕಡ ೩ರಷ್ಟು ಸ್ಥಾನಗಳನ್ನು ಕಾಯ್ದಿರಿಸಲಾಗಿತ್ತು. ಅದರ ಸ್ಥಾನದಲ್ಲಿ ೨೦೧೬ರಲ್ಲಿ ಅಂಗೀಕೃತವಾದ ವಿಕಲಚೇತನರ ಹಕ್ಕುಗಳ ಅಧಿನಿಯಮವು ೨೦೧೭ರ ಏಪ್ರಿಲ್ ೧೯ರಂದು ಜಾರಿಗೆ ಬಂದಿತು. ಈಗ ಗುರುತಿಸಲ್ಪಟ್ಟಿರುವ ವೈಕಲ್ಯಗಳು ೨೧. ದೃಷ್ಟಿ, ಶ್ರವಣ, ಕೈಕಾಲುಗಳ ತೊಂದರೆಗಳಲ್ಲದೆ ಮಿದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ, ಆಟಿಸಂ, ಕಲಿಕೆಯ ತೊಡಕು, ಮನೋರೋಗ, ಕುಸುಮರೋಗ ಮುಂತಾದವು ಇದರಲ್ಲಿ ಸೇರಿವೆ. ಶೇಕಡ ೪೦ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ ೬ರಿಂದ ೧೮ ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕುಂಟು. ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅಂಥವರಿಗೆ ಶೇಕಡ ೫ಕ್ಕೆ ಕಡಿಮೆಯಿಲ್ಲದ ಸ್ಥಾನಗಳು, ಸರ್ಕಾರಿ ಉದ್ಯೋಗದಲ್ಲಿ ಶೇಕಡ ೪ಕ್ಕೆ ಕಡಿಮೆಯಿಲ್ಲದ ಹುದ್ದೆಗಳು ಮೀಸಲಾಗಿವೆ.

೨೦೧೧ರ ಜನಗಣತಿಯಲ್ಲಿ ದೇಶದ ವಿಕಲಚೇತನರ ಸಂಖ್ಯೆ ೨ ಕೋಟಿ ೬೮ ಲಕ್ಷವೆಂದೂ ಕರ್ನಾಟಕದಲ್ಲಿ ೧೩ ಲಕ್ಷಕ್ಕೂ ಹೆಚ್ಚೆಂದೂ ಲೆಕ್ಕವಾಯಿತು. ಆ ಗಣತಿ ನಡೆದಾಗ ಹಳೆಯ ಕಾನೂನೇ ಜಾರಿಯಲ್ಲಿದ್ದಿತು. ಆಮೇಲೆ ಕಾನೂನಿನಲ್ಲಿ ಸೇರಿದ ಎಷ್ಟೋ ತೊಂದರೆಗಳು ಅಂದಿನ ಪಟ್ಟಿಯಲ್ಲಿ ಇರಲಿಲ್ಲವಾದುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚೆಂದು ಭಾವಿಸುವುದು ತಪ್ಪಾಗಲಾರದು.

ಹೀಗೆ ಬರೆದಿಟ್ಟ ಹಕ್ಕುಗಳಿಗೆ ಕೊರತೆಯಿಲ್ಲ. ಬರೆದುದು ಮನೆಯ ಬಾಗಿಲಿಗೆ ಬಂದು ಮುಟ್ಟುವ ದಾರಿಯಲ್ಲಿ ಕೊರತೆಯುಂಟು.

ನಾಲ್ಕು ತಾಲ್ಲೂಕುಗಳ ದಾರಿ

ಶ್ರೀರಂಗಪಟ್ಟಣವು ಬೆಂಗಳೂರು-ಮೈಸೂರು ರೈಲುದಾರಿಯ ಮೇಲಿರುವ ಊರು. ಮೈಸೂರು ಅಲ್ಲಿಗೆ ಹದಿನೈದು ಕಿಲೋಮೀಟರಿನಷ್ಟೇ ದೂರ. ಪಾಂಡವಪುರಕ್ಕೂ ಅದೇ ದಾರಿಯ ಒಂದು ನಿಲ್ದಾಣವುಂಟು. ಮೈಸೂರಿನಲ್ಲಿ ಅಂಧರ ಮತ್ತು ಕಿವುಡರ ಸರ್ಕಾರಿ ಶಾಲೆಗಳಿವೆ. ಮಾನಸಗಂಗೋತ್ರಿಯಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾತು ಮತ್ತು ಕಿವಿಯ ದೋಷಗಳಿಗೆ ದೇಶದಲ್ಲಿಯೇ ಹೆಸರಾದ ಕೇಂದ್ರವಾಗಿದೆ. ಆದುದರಿಂದ ಕಾವೇರಿಯ ದಡದ ಹಳ್ಳಿಯೊಂದರಲ್ಲಿ ಹುಟ್ಟಿದ ಕಿವುಡು ಮಗುವಿಗೆ, ಅದರ ತಾಯಿತಂದೆಗಳಿಗೆ ಸಂಗತಿ ತಿಳಿದಿದ್ದರೆ, ನೆರವು ಒಂದು ಬೆಳಗಿನ ಪಯಣದಷ್ಟು ಹತ್ತಿರ.

ಕೃಷ್ಣರಾಜಪೇಟೆ ಮತ್ತು ನಾಗಮಂಗಲಗಳ ಸ್ಥಿತಿ ಬೇರೆ. ಕೃಷ್ಣರಾಜಪೇಟೆ ಪಟ್ಟಣಕ್ಕೆ ರೈಲಿಲ್ಲ. ಅಕ್ಕಿಹೆಬ್ಬಾಳು, ಮಂದಗೆರೆಗಳಲ್ಲಿ ಮೈಸೂರು-ಹಾಸನ ದಾರಿಯ ನಿಲ್ದಾಣಗಳಿದ್ದರೂ ತಾಲ್ಲೂಕಿನ ಉತ್ತರಭಾಗದ ಹಳ್ಳಿಗಳಿಗೆ ಅವು ಒದಗಲಾರವು. ನಾಗಮಂಗಲವು ಹೆಚ್ಚಾಗಿ ಮಳೆಯನ್ನೇ ನಂಬಿದ ಒಣಭೂಮಿಯ ತಾಲ್ಲೂಕು. ತಾಲ್ಲೂಕಿನ ಬೆಳ್ಳೂರಿನ ಬಳಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇನೋ ಉಂಟು. ಆದರೆ ವಿಶೇಷ ಶಾಲೆಯಾಗಲಿ ತರಬೇತಿಯಾಗಲಿ ಬೇಕೆಂದರೆ ಮಂಡ್ಯಕ್ಕೋ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು.

ಈ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿಯನ್ನು ಕಲ್ಪಿಸಿಕೊಳ್ಳಬಹುದು. ಆಕೆಯ ಎರಡು ಕಾಲುಗಳಲ್ಲಿಯೂ ಬಲವಿಲ್ಲ. ಮನೆಯಿಂದ ಬಸ್ಸಿನ ನಿಲ್ದಾಣಕ್ಕೆ ಒಂದೂವರೆ ಮೈಲಿ ಕಲ್ಲುದಾರಿ. ಬಸ್ಸಿನ ಮೊದಲ ಮೆಟ್ಟಿಲು ಆಕೆಯ ಮೊಣಕಾಲಿಗಿಂತ ಎತ್ತರ. ರಿಯಾಯಿತಿಯ ಪಾಸು ಕೈಯಲ್ಲಿದ್ದರೂ ಮೆಟ್ಟಿಲು ತಗ್ಗುವುದಿಲ್ಲ. ಪ್ರಾಥಮಿಕ ಶಾಲೆ ಊರಿನಲ್ಲಿಯೇ ಇದ್ದುದರಿಂದ ಏಳನೆಯ ತರಗತಿಯವರೆಗೆ ತಂದೆ ಹೆಗಲ ಮೇಲೆ ಹೊತ್ತು ಬಿಟ್ಟನು. ಪ್ರೌಢಶಾಲೆಯ ಹೊತ್ತಿಗೆ ಮಗಳು ಬೆಳೆದಳು, ತಂದೆಯ ಬೆನ್ನು ಬಾಗಿತು. ಶಾಲೆಯಲ್ಲಿ ಆಕೆ ಬಳಸಬಲ್ಲ ಶೌಚಗೃಹವೂ ಇಲ್ಲ. ಯಾರೂ ಆಕೆಯನ್ನು ಶಾಲೆ ಬಿಡು ಎನ್ನಲಿಲ್ಲ. ಬರಬೇಡವೆಂದೂ ಯಾರೂ ತಡೆಯಲಿಲ್ಲ. ಹಾಗಿದ್ದೂ ಆಕೆಯ ವಿದ್ಯೆ ಅಲ್ಲಿಗೆ ನಿಂತಿತು. ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ವಿಕಲಚೇತನರ ಓದು ನಿಲ್ಲುವುದು ಬಹುಮಟ್ಟಿಗೆ ಹೀಗೆಯೇ. ಯಾರ ದ್ವೇಷವೂ ಅದಕ್ಕೆ ಕಾರಣವಲ್ಲ. ಒಂದು ಹಂತದಿಂದ ಇನ್ನೊಂದಕ್ಕೆ ದಾಟುವ ಹೊಸ್ತಿಲಲ್ಲಿ ಕೈಹಿಡಿಯುವವರು ಯಾರೂ ಇರಲಿಲ್ಲವೆಂಬುದೇ ಕಾರಣ.

ದಾರಿ ನಡೆದವನೇ ದಾರಿ ತೋರಬೇಕು

ಹೊಸ್ತಿಲಲ್ಲಿ ಕೈಹಿಡಿಯುವವನನ್ನು ಮಾರ್ಗದರ್ಶಿಯೆನ್ನಬಹುದು, ಜೊತೆಗಾರನೆನ್ನಬಹುದು. ಇಂಥವನ ಮಹತ್ವಕ್ಕೆ ಕನ್ನಡನಾಡಿನಲ್ಲಿಯೇ ಉಜ್ವಲವಾದ ನಿದರ್ಶನವುಂಟು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡರಾದ ಅಣ್ಣತಮ್ಮಂದಿರಿದ್ದರು. ಅವರ ಕಂಠದ ಇಂಪನ್ನು ಗುರುತಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು. ಅವರು ಆ ಮಕ್ಕಳಿಗೆ ಅನ್ನವಿಕ್ಕಿ ಸುಮ್ಮನಾಗಲಿಲ್ಲ; ಸಂಗೀತದ ಶಿಕ್ಷಣಕ್ಕೆ ವ್ಯವಸ್ಥೆಮಾಡಿದರು. ಅವರಲ್ಲೊಬ್ಬರೇ ಕರ್ನಾಟಕ ಹಾಗೂ ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಪಂಚಾಕ್ಷರ ಗವಾಯಿಗಳು (೧೮೯೨-೧೯೪೪). ಅವರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಮ್ಮಂತೆಯೇ ಕಣ್ಣಿಲ್ಲದ ಬಾಲಕರನ್ನು ಕೂಡಿಸಿಕೊಂಡು ಕಲಿಸಿದರು. ಆ ಬಾಲಕರಲ್ಲೊಬ್ಬರು ಪುಟ್ಟರಾಜ ಗವಾಯಿಗಳು (೧೯೧೪-೨೦೧೦). ಗುರುಗಳ ತರುವಾಯ ಆರು ದಶಕಗಳಿಗೂ ಹೆಚ್ಚು ಕಾಲ ಆಶ್ರಮವನ್ನು ನಡೆಸಿ, ಅಸಂಖ್ಯ ಅಂಧರಿಗೂ ಅನಾಥರಿಗೂ ವಿದ್ಯೆಯನ್ನೂ ಬದುಕನ್ನೂ ಕೊಟ್ಟ ಅವರಿಗೆ ೨೦೧೦ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಕುಮಾರಸ್ವಾಮಿಗಳು ಕಣ್ಣುಳ್ಳವರು, ಅವರು ಬಾಗಿಲು ತೆರೆದರು. ಆದರೆ ಆ ಬಾಗಿಲಿನೊಳಗೆ ಮುಂದಿನ ಪೀಳಿಗೆಯನ್ನು ನಡೆಸಿಕೊಂಡು ಹೋದವರು ಸ್ವತಃ ಅಂಧರಾದ ಗುರುಗಳು. ಹೆಜ್ಜೆ ಎಲ್ಲಿ ಎಡವುತ್ತದೆಂಬುದು ಎಡವಿದವನಿಗೇ ಚೆನ್ನಾಗಿ ಗೊತ್ತು.

ಹೊರನಾಡುಗಳ ಚರಿತ್ರೆಯೂ ಇದನ್ನೇ ಸಾರುತ್ತದೆ. ಮೂರನೆಯ ವಯಸ್ಸಿನಲ್ಲಿ ಕಣ್ಣಿಗೆ ಪೆಟ್ಟುಬಿದ್ದು ಮುಂದೆ ಪೂರ್ಣ ಕುರುಡನಾದ ಫ್ರಾನ್ಸಿನ ಲೂಯಿ ಬ್ರೈಲ್ (೧೮೦೯-೧೮೫೨), ತಾನು ಕಲಿತ ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿಯೇ ಅಧ್ಯಾಪಕನಾದನು. ಆರು ಚುಕ್ಕೆಗಳ ಅವನ ಲಿಪಿ ೧೮೨೯ರಲ್ಲಿ ಪ್ರಕಟವಾಯಿತು. ಕನ್ನಡವನ್ನು ಇಂದು ಬೆರಳತುದಿಯಿಂದ ಓದುವುದೂ ಅದೇ ಆರು ಚುಕ್ಕೆಗಳಿಂದ. ೧೮೮೭ರ ಮಾರ್ಚಿಯಲ್ಲಿ, ಕಣ್ಣು ಕಿವಿ ಎರಡೂ ಇಲ್ಲದ ಆರು ವರ್ಷದ ಹೆಲೆನ್ ಕೆಲ್ಲರಳ ಮನೆಗೆ ಬಂದ ಇಪ್ಪತ್ತು ವರ್ಷದ ಉಪಾಧ್ಯಾಯಿನಿ ಆನ್ ಸಲಿವನ್ ತಾನೂ ದೃಷ್ಟಿದೋಷದಿಂದ ಬಳಲಿ ಅಂಧರ ಶಾಲೆಯಲ್ಲಿ ಓದಿದವಳು. ಬೆಂಗಳೂರಿನಲ್ಲಿ ೧೯೫೯ರಲ್ಲಿ ಅಂಗವಿಕಲರ ಸಂಘವನ್ನು ಕಟ್ಟಿದ ಎನ್. ಎಸ್. ಹೇಮಾ ಅವರು ಸ್ವತಃ ಪೋಲಿಯೋದಿಂದ ನಡೆಯುವ ಶಕ್ತಿಯನ್ನು ಕಳೆದುಕೊಂಡವರು.

ಈ ತತ್ತ್ವವನ್ನು ಕರ್ನಾಟಕ ಸರ್ಕಾರದ ಒಂದು ಯೋಜನೆಯೂ ಒಪ್ಪಿಕೊಂಡಿದೆ. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲ್ಲೂಕಿಗೊಬ್ಬರಂತೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಗೌರವಧನದ ಮೇಲೆ ಕೆಲಸಮಾಡುತ್ತಾರೆ. ಇವರು ವಿಕಲಚೇತನರಲ್ಲಿಯೇ ಆಯ್ಕೆಯಾದವರು. ಮನೆಮನೆಗೆ ಹೋಗಿ ವಿಕಲಚೇತನರ ಪಟ್ಟಿಮಾಡುವುದು, ಪ್ರಮಾಣಪತ್ರ, ಮಾಸಾಶನ, ಸಾಧನಸಲಕರಣೆಗಳನ್ನು ಕೊಡಿಸಲು ನೆರವಾಗುವುದು ಇವರ ಹೊಣೆ. ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಯ ತಾಯಿಗಾದರೂ ಮೊದಲು ಭೇಟಿಯಾಗಬೇಕಾದವರು ಇವರೇ. ಆದರೆ ಒಬ್ಬ ಕಾರ್ಯಕರ್ತನ ಪಾಲಿಗೆ ಒಂದು ಪಂಚಾಯಿತಿಯ ಎಲ್ಲ ಹಳ್ಳಿಗಳೂ ಬರುತ್ತವೆ. ಅವನದೂ ಊರುಗೋಲಿನ ನಡಿಗೆ. ಪಟ್ಟಿ, ಅರ್ಜಿ, ಕಛೇರಿಗಳಲ್ಲಿಯೇ ಅವನ ದಿನ ಸವೆಯುತ್ತದೆ. ಒಬ್ಬೊಬ್ಬ ತರುಣನ ಜೊತೆಗೆ ವರ್ಷಗಟ್ಟಲೆ ನಡೆಯುವ ಕೆಲಸಕ್ಕೆ ಊರಿನ ಶಿಕ್ಷಕರೂ ವಿದ್ಯಾವಂತರೂ ಹಳೆಯ ವಿದ್ಯಾರ್ಥಿಗಳೂ ಹೆಗಲು ಕೊಡಬೇಕಾಗುತ್ತದೆ.

ಐದು ಹೊಸ್ತಿಲುಗಳು

ಮಾರ್ಗದರ್ಶಿಯ ಕೆಲಸವೆಂದರೆ ಉಪದೇಶವೆಂದು ತಿಳಿಯುವವರುಂಟು. ವಾಸ್ತವದಲ್ಲಿ ಅದು ಐದು ಹೊಸ್ತಿಲುಗಳನ್ನು ದಾಟಿಸುವ ಕೆಲಸ.

ಮೊದಲನೆಯದು ಗುರುತು. ವೈದ್ಯಕೀಯ ಪ್ರಮಾಣಪತ್ರ ಮತ್ತು ವಿಶಿಷ್ಟ ಗುರುತಿನ ಚೀಟಿಯಿಲ್ಲದೆ ಕಾನೂನಿನ ಯಾವ ಸೌಲಭ್ಯವೂ ದೊರೆಯದು. ಅರ್ಜಿಯನ್ನು ಈಗ ಗಣಕಯಂತ್ರದ ಮೂಲಕ ಸಲ್ಲಿಸಬೇಕಾಗುತ್ತದೆ. ಅಕ್ಷರವರಿಯದ ತಂದೆತಾಯಿಗಳ ಪಕ್ಕದಲ್ಲಿ ಕುಳಿತು ಅರ್ಜಿ ತುಂಬಿಸುವುದು, ವೈದ್ಯರ ಮುಂದೆ ಹಾಜರಾಗುವ ದಿನ ಜೊತೆಗೆ ಹೋಗುವುದು ಸಣ್ಣ ಕೆಲಸವೆಂದು ತೋರಬಹುದು; ಎಷ್ಟೋ ಬದುಕುಗಳು ನಿಂತಿರುವುದು ಇಲ್ಲಿಯೇ. ಕಿವುಡಿನ ವಿಷಯದಲ್ಲಂತೂ ಮೊದಲ ವರ್ಷಗಳಲ್ಲಿಯೇ ಪರೀಕ್ಷೆಯಾಗುವುದು ಅತ್ಯವಶ್ಯ. ಮಗು ಭಾಷೆಯನ್ನು ಸುಲಭವಾಗಿ ಹೀರಿಕೊಳ್ಳುವ ಕಾಲ ಅದು. ಮಾತು ತಡವಾಗಿ ಬರುವುದೆಂದು ಕಾಯುತ್ತ ಕುಳಿತರೆ ಆ ಕಾಲ ಮರಳಿ ಬಾರದು.

ಎರಡನೆಯದು ಶಾಲೆಯ ಪ್ರವೇಶ. ಯಾವ ಮಗುವಿಗೆ ಊರಿನ ಶಾಲೆ ಸಾಕು, ಯಾವುದಕ್ಕೆ ವಿಶೇಷ ಶಾಲೆ ಬೇಕು, ಯಾವುದಕ್ಕೆ ಮನೆಯಲ್ಲಿಯೇ ಪಾಠವಾಗಬೇಕು ಎಂಬುದನ್ನು ಮಗುವನ್ನು ನೋಡಿ ನಿರ್ಧರಿಸಬೇಕು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣಕ್ಕೆಂದೇ ಸಂಪನ್ಮೂಲ ಶಿಕ್ಷಕರಿರುತ್ತಾರೆ; ಅವರ ಸಲಹೆಯನ್ನು ಪಡೆಯುವುದು ಯುಕ್ತ. ಒಂದು ಇಳಿಜಾರು ಕಟ್ಟೆ, ಮುಂದಿನ ಸಾಲಿನ ಆಸನ, ಕರಿಹಲಗೆಯ ಮೇಲೆ ದೊಡ್ಡ ಅಕ್ಷರ, ತುಟಿಯ ಚಲನೆ ಕಾಣುವಂತೆ ಮುಖ ತೋರಿ ಮಾತನಾಡುವ ಉಪಾಧ್ಯಾಯ: ಇಷ್ಟರಿಂದಲೇ ಅನೇಕ ಮಕ್ಕಳ ಶಾಲೆ ಉಳಿಯುತ್ತದೆ.

ಮೂರನೆಯದು ಹತ್ತನೆಯ ತರಗತಿಯ ಪರೀಕ್ಷೆ. ಬರೆಯಲಾರದವನಿಗೆ ಬರೆಯುವ ಸಹಾಯಕನನ್ನೂ ಹೆಚ್ಚಿನ ಕಾಲವನ್ನೂ ಕೊಡುವ ಪದ್ಧತಿಯುಂಟು. ಕೇಂದ್ರ ಸರ್ಕಾರದ ೨೦೧೮ರ ಮಾರ್ಗಸೂಚಿಯು ಗಂಟೆಗೆ ೨೦ ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ಕಾಲವನ್ನು ವಿಧಿಸಿತು. ಶೇಕಡ ೪೦ರ ಮಿತಿಯನ್ನು ಮುಟ್ಟದಿದ್ದರೂ ಬರೆಯಲು ನಿಜವಾಗಿ ತೊಂದರೆಯಿರುವವನಿಗೆ ಸಹಾಯಕನನ್ನು ನಿರಾಕರಿಸಲಾಗದೆಂದು ೨೦೨೧ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಆದರೆ ಅನುಮತಿಯನ್ನು ಪರೀಕ್ಷೆಗೆ ಬಹಳ ಮೊದಲೇ ಪಡೆಯಬೇಕು. ಸಹಾಯಕನೊಡನೆ ಅಭ್ಯಾಸವೂ ಆಗಬೇಕು. ಉತ್ತರವನ್ನು ಹೇಳಿ ಬರೆಯಿಸುವುದು ತಾನಾಗಿ ಬರೆಯುವುದಕ್ಕಿಂತ ಬೇರೆಯಾದ ವಿದ್ಯೆ. ಪರೀಕ್ಷೆಯ ಬೆಳಿಗ್ಗೆ ಮೊದಲ ಬಾರಿಗೆ ಭೇಟಿಯಾದ ಇಬ್ಬರು ಆ ವಿದ್ಯೆಯನ್ನು ಸಾಧಿಸಲಾರರು.

ನಾಲ್ಕನೆಯದು ಹತ್ತನೆಯ ತರಗತಿಯ ಮುಂದಿನ ದಾರಿ. ಹೆಚ್ಚು ಮಂದಿ ಕಳೆದುಹೋಗುವುದು ಇಲ್ಲಿ. ಮೈಸೂರಿನಲ್ಲಿ ಸುತ್ತೂರು ಶ್ರೀಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ೧೯೯೧ರಲ್ಲಿ ವಿಕಲಚೇತನರಿಗೆಂದೇ ಪಾಲಿಟೆಕ್ನಿಕ್ ಒಂದನ್ನು ಆರಂಭಿಸಿತು. ವಿಕಲಚೇತನರೂ ತಾಂತ್ರಿಕ ಡಿಪ್ಲೊಮಾ ಪಡೆದು ಇತರರ ಸಮಕ್ಕೆ ನಿಲ್ಲಬಲ್ಲರೆಂಬುದನ್ನು ಅದು ತೋರಿಸಿಕೊಟ್ಟಿದೆ. ದೃಷ್ಟಿಯಿಲ್ಲದವರಿಗೆ ಗಣಕಯಂತ್ರವು ದೊಡ್ಡ ವರವಾಗಿ ಪರಿಣಮಿಸಿದೆ. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಎನ್.ವಿ.ಡಿ.ಎ. ಎಂಬ ತಂತ್ರಾಂಶವನ್ನು ೨೦೦೬ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯದ ಅಂಧ ತರುಣರು. ಅದು ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. ೨೦೧೬ರಲ್ಲಿ ಪ್ರಾರಂಭವಾದ ಸುಗಮ್ಯ ಪುಸ್ತಕಾಲಯದಲ್ಲಿ ಓದಲಾರದವರಿಗೆ ಕೇಳುವ ರೂಪದ ಪುಸ್ತಕಗಳುಂಟು. ಇವೆಲ್ಲ ಇವೆಯೆಂಬ ಸುದ್ದಿಯನ್ನು ಕೃಷ್ಣರಾಜಪೇಟೆಯ ಹಳ್ಳಿಗೆ ತಲಪಿಸುವವನು ಬೇಕು.

ಐದನೆಯದು ಉದ್ಯೋಗ. ಅರ್ಜಿ, ಸಂದರ್ಶನ, ಮೊದಲ ಮೂರು ತಿಂಗಳ ಹೊಂದಾಣಿಕೆ, ವಸತಿ, ಪಯಣ ಎಲ್ಲವೂ ಇದರಲ್ಲಿ ಸೇರಿವೆ. ಕೆಲಸ ದೊರಕಿದ ದಿನವೇ ಮಾರ್ಗದರ್ಶಿ ಕೈಬಿಟ್ಟರೆ, ಮೊದಲ ಅವಮಾನಕ್ಕೇ ತರುಣನು ಊರಿಗೆ ಮರಳುವ ಸಂಭವವುಂಟು. ಕೆಲಸಕೊಟ್ಟವರೊಡನೆಯೂ ಮಾತನಾಡಬೇಕು. ಮೇಜನ್ನು ಎತ್ತರಿಸುವುದು, ಸೂಚನೆಯನ್ನು ಬರೆದುಕೊಡುವುದು ಮುಂತಾದ ಅಲ್ಪ ಬದಲಾವಣೆಗಳಿಂದ ಕೆಲಸ ಸುಗಮವಾಗುತ್ತದೆಂಬುದನ್ನು ತಿಳಿಯಹೇಳಬೇಕು.

ಕೆಲವು ಎಚ್ಚರಿಕೆಗಳು

ಮಾರ್ಗದರ್ಶನದಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ವೈಕಲ್ಯವನ್ನು ನೋಡಿ ವೃತ್ತಿಯನ್ನು ನಿಶ್ಚಯಿಸುವುದು. ಕುರುಡನಾದರೆ ಬೆತ್ತದ ಕುರ್ಚಿ ಹೆಣೆಯಲಿ, ಕಿವುಡಿಯಾದರೆ ಹೊಲಿಗೆ ಕಲಿಯಲಿ, ಕುಂಟನಾದರೆ ದೂರವಾಣಿಯ ಮಳಿಗೆಯಲ್ಲಿ ಕೂರಲಿ ಎಂದು ಒಂದು ಕಾಲದಲ್ಲಿ ತೀರ್ಮಾನವಾಗುತ್ತಿತ್ತು. ರಸ್ತೆಬದಿಯ ದೂರವಾಣಿ ಮಳಿಗೆಗಳನ್ನು ವಿಕಲಚೇತನರಿಗೆ ಆದ್ಯತೆಯಿಂದ ಕೊಟ್ಟುದು ಒಳ್ಳೆಯ ಉದ್ದೇಶದಿಂದಲೇ. ಮೊಬೈಲು ಬಂದು ಆ ಮಳಿಗೆಗಳು ಮುಚ್ಚಿದಾಗ, ಬೇರೆ ಏನನ್ನೂ ಕಲಿಯದಿದ್ದವರು ಮತ್ತೆ ಬೀದಿಯಲ್ಲಿ ನಿಂತರು. ಆದುದರಿಂದ ಅಭಿರುಚಿಯನ್ನೂ ಸಾಮರ್ಥ್ಯವನ್ನೂ ಮೊದಲು ನೋಡಬೇಕು. ಒಂದು ವೃತ್ತಿ ಹೋದರೆ ಇನ್ನೊಂದನ್ನು ಕಲಿಯುವಷ್ಟು ವಿದ್ಯೆಯ ತಳಹದಿಯನ್ನು ಹಾಕಬೇಕು.

ಊರು ಬಿಟ್ಟು ಹೋಗಲಾರದವರಿಗೆ ಊರಿನ ಸುತ್ತಲೇ ಕೆಲಸವನ್ನು ಹುಡುಕಬೇಕಾಗುತ್ತದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು ೧೯೬೦ರಲ್ಲಿ ಸ್ಥಾಪಿಸಿದ ಜನಪದ ಸೇವಾ ಟ್ರಸ್ಟು ಖಾದಿಯ ಮೂಲಕ ಹಳ್ಳಿಯವರಿಗೆ ಹಳ್ಳಿಯಲ್ಲಿಯೇ ದುಡಿಮೆ ಒದಗಿಸಬಹುದೆಂಬುದಕ್ಕೆ ನಿದರ್ಶನವಾಗಿದೆ. ನಾಗಮಂಗಲವು ಲೋಹದ ಎರಕದ ಕೆಲಸಕ್ಕೆ ಹಿಂದಿನಿಂದಲೂ ಹೆಸರಾದ ಊರು. ನೂಲು, ಮಗ್ಗ, ಲೋಹ, ಹೈನು, ರೇಷ್ಮೆ, ಸಸಿಮಡಿ ಇವೆಲ್ಲ ಕುಳಿತೋ, ಒಬ್ಬರಿಗೊಬ್ಬರು ಹಂಚಿಕೊಂಡೋ ಮಾಡಬಹುದಾದ ಭಾಗಗಳುಳ್ಳ ಕೆಲಸಗಳು. ಲೆಕ್ಕಪತ್ರ, ಗಣಕಯಂತ್ರ, ಮಾರಾಟಗಳೂ ಆ ಕೆಲಸಗಳಿಗೆ ಬೇಕೇ ಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಎರಡರಷ್ಟು ಎಚ್ಚರ ಬೇಕು. ಗಂಡುಮಗ ವಿಕಲಚೇತನನಾದರೆ ಹೇಗಾದರೂ ಓದಿಸೋಣವೆನ್ನುವ ಮನೆಯು ಹೆಣ್ಣಾದರೆ ಮನೆಯಲ್ಲಿಯೇ ಇರಲಿ ಎನ್ನುತ್ತದೆ. ಆ ಮಾತಿನಲ್ಲಿ ಮಮತೆಯೂ ಭಯವೂ ಬೆರೆತಿರುತ್ತವೆ. ಅಲ್ಲಿ ವಾದಕ್ಕಿಂತ, ಓದಿ ದುಡಿಯುತ್ತಿರುವ ವಿಕಲಚೇತನ ಹೆಣ್ಣುಮಗಳೊಬ್ಬಳು ಆ ಮನೆಯ ಜಗಲಿಯ ಮೇಲೆ ಬಂದು ಒಂದು ಗಂಟೆ ಕುಳಿತರೆ ಪರಿಣಾಮ ಹೆಚ್ಚು.

ಮಾಸಾಶನದ ವಿಷಯದಲ್ಲಿಯೂ ವಿವೇಕವಿರಬೇಕು. ಅದು ಬದುಕಿಗೆ ಆಸರೆ. ಆದರೆ ಅದೇ ಬದುಕಿನ ಕೊನೆಯ ಗುರಿಯಾಗಬಾರದು. ಮಗನಿಗೆ ಹೇಗೂ ಹಣ ಬರುತ್ತದೆಂದು ಶಾಲೆ ಬಿಡಿಸಿದರೆ, ಕೈಗೆ ಬರುವುದು ಅಲ್ಪ, ಕೈತಪ್ಪುವುದು ಅಪಾರ.

ಮಾರ್ಗದರ್ಶಿಯ ಯಶಸ್ಸಿಗೆ ಅಳತೆಯೇನು? ತರುಣನು ಎಷ್ಟು ಕೃತಜ್ಞನಾಗಿದ್ದಾನೆಂಬುದು ಖಂಡಿತ ಅಲ್ಲ. ಇಂದು ಜೊತೆಗೆ ಬೇಕಾದ ಹಿರಿಯನು ನಾಳೆ ಬೇಡವಾಗಬೇಕು. ನಾಳಿದ್ದು ಆ ತರುಣನೇ ಇನ್ನೊಬ್ಬನ ಹಿರಿಯನಾಗಬೇಕು. ಗದುಗಿನ ಆಶ್ರಮದಲ್ಲಿ ಶಿಷ್ಯನು ಗುರುವಾದುದು ಹೀಗೆಯೇ.

ಕಾಯಕದ ಹಕ್ಕು

ಕಾಯಕವೇ ಬದುಕಿನ ಸಾರವೆಂದು ಸಾರಿದ ನಾಡಿನಲ್ಲಿ ಒಬ್ಬನಿಗೆ ಕಾಯಕವನ್ನು ಇಲ್ಲವಾಗಿಸುವುದು ಅನ್ನವನ್ನು ಕಸಿಯುವುದಕ್ಕಿಂತ ಸಣ್ಣ ತಪ್ಪಲ್ಲ. ಶರಣರ ಕಲ್ಪನೆಯ ದಾಸೋಹದಲ್ಲಿ ಕೊಡುವವನು ಮೇಲಲ್ಲ, ಪಡೆಯುವವನು ಕೀಳಲ್ಲ. ವಿಕಲಚೇತನ ತರುಣನನ್ನು ಸದಾ ಪಡೆಯುವವನ ಸ್ಥಾನದಲ್ಲಿಯೇ ಕೂರಿಸಿದರೆ, ಕೊಡುವ ಸಂತೋಷದಿಂದ ಅವನನ್ನು ವಂಚಿಸಿದಂತಾಗುತ್ತದೆ.

ಈ ಕೆಲಸದಲ್ಲಿ ಶಾಲೆಯ ಬಾಲಕಬಾಲಕಿಯರಿಗೂ ಪಾಲುಂಟು. ಪರೀಕ್ಷೆಯಲ್ಲಿ ಬರೆಯುವ ಸಹಾಯಕನು ಅಭ್ಯರ್ಥಿಗಿಂತ ಕೆಳಗಿನ ತರಗತಿಯಲ್ಲಿ ಓದುವವನಾಗಿರಬೇಕೆಂಬುದು ಸಾಮಾನ್ಯವಾದ ನಿಯಮ. ಅಂದರೆ ಹತ್ತನೆಯ ತರಗತಿಯ ಅಂಧ ವಿದ್ಯಾರ್ಥಿಗೆ ಬೇಕಾದ ಕೈ ಪಂಡಿತನದಲ್ಲ. ಎಂಟನೆಯ ಅಥವಾ ಒಂಬತ್ತನೆಯ ತರಗತಿಯಲ್ಲಿ ದುಂಡಗೆ ಬರೆಯುವ ಬಾಲಕನದೋ ಬಾಲಕಿಯದೋ ಕೈ. ವರ್ಷದಲ್ಲಿ ಕೆಲವು ದಿನಗಳ ಅಭ್ಯಾಸ, ಆಮೇಲೆ ಪರೀಕ್ಷೆಯ ಕೆಲವು ಬೆಳಗುಗಳು. ಹೇಳಿದ್ದನ್ನು ಹೇಳಿದಂತೆ, ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಬರೆಯುವ ಆ ಮಗುವು ಅಂದು ಒಬ್ಬನ ಹಣೆಬರಹವನ್ನು ತಿದ್ದುವ ಕೆಲಸದಲ್ಲಿ ಲೇಖನಿಯಾಗಿರುತ್ತದೆ.

ಬಸ್ಸಿನ ಮೆಟ್ಟಿಲು ತಗ್ಗಲು, ಕಲ್ಲುದಾರಿ ಹಸನಾಗಲು ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ನಾಲ್ಕು ತಾಲ್ಲೂಕುಗಳ ಪ್ರತಿಯೊಂದು ಹಳ್ಳಿಯಲ್ಲಿಯೂ ವಿಕಲಚೇತನ ಮಗುವಿಗೊಬ್ಬ ಹಿರಿಯ ಜೊತೆಗಾರನು ದೊರೆತರೆ, ಏಳನೆಯ ತರಗತಿಗೆ ಓದು ನಿಂತ ಆ ಹುಡುಗಿಯ ತಂಗಿಯರಾದರೂ ಹೊಸ್ತಿಲನ್ನು ದಾಟುವರು. ಸಂಸತ್ತು ಬರೆದಿಟ್ಟ ಹಕ್ಕುಗಳು ಮನೆಯ ಬಾಗಿಲನ್ನು ಮುಟ್ಟುವುದು ಮನುಷ್ಯರ ಕಾಲ್ನಡಿಗೆಯಿಂದಲೇ ಹೊರತು ಬೇರೆ ಮಾರ್ಗದಿಂದಲ್ಲ.